‘ಟಿಪ್ ಆಫ್’ ಎಂಬ ಗುಟ್ಟಿನ ಮಾತು: ಕೇಳಿಸಿಕೊಂಡವರು ಯಾರು, ಕೇಳಿಸದವರು ಯಾರು?

‘ಖಚಿತ ಮಾಹಿತಿ ಮೇರೆಗೆ ದಾಳಿ ನಡೆಸಿದ ಪೊಲೀಸರು...’ ಈ ಸಾಲು ಇಲ್ಲದೆ ನಮ್ಮ ಪತ್ರಿಕೆಗಳ ಅಪರಾಧ ಸುದ್ದಿ ಪೂರ್ತಿಯಾಗುವುದೇ ಇಲ್ಲ. ಇಸ್ಪೀಟು ಅಡ್ಡೆ ಇರಲಿ, ಗಾಂಜಾ ಸಾಗಾಟ ಇರಲಿ, ಅಕ್ರಮ ಮರಳಿನ ಲಾರಿ ಇರಲಿ, ಸುದ್ದಿ ಶುರುವಾಗುವುದು ಹೀಗೆಯೇ. ಇಂಗ್ಲಿಷ್ ಪತ್ರಿಕೆ ತೆಗೆದರೆ ಅದೇ ಸುದ್ದಿ ‘ಆಕ್ಟಿಂಗ್ ಆನ್ ಎ ಟಿಪ್ ಆಫ್’ ಎಂದು ಆರಂಭವಾಗುತ್ತದೆ. ಮಾಹಿತಿ ಕೊಟ್ಟವರು ಯಾರು ಎಂಬುದು ಮಾತ್ರ ಕೊನೆಯ ಸಾಲಿನವರೆಗೂ ಗೊತ್ತಾಗುವುದಿಲ್ಲ. ಗೊತ್ತಾಗಬಾರದು ಎಂಬುದೇ ಅದರ ನಿಯಮ.

ನಾನು ಮುಂಬೈಯಲ್ಲಿ ಬ್ಯಾಂಕೊಂದರ ಕಂಪ್ಲಯನ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಗದಗ ಜಿಲ್ಲೆಯಿಂದ ಬಂದು ಇಲ್ಲಿನ ಲೋಕಲ್ ರೈಲಿಗೆ ಒಗ್ಗಿಕೊಂಡು 16 ವರ್ಷವಾಯಿತು. ನಮ್ಮ ವಿಭಾಗದ ಕೆಲಸವನ್ನು ಊರಿನವರಿಗೆ ವಿವರಿಸುವುದು ಸ್ವಲ್ಪ ಕಷ್ಟ. ಸಾಲ ಕೊಡುವವರು ನಾವಲ್ಲ, ಠೇವಣಿ ಪಡೆಯುವವರೂ ಅಲ್ಲ. ಖಾತೆಗಳಲ್ಲಿ ಹರಿಯುವ ಹಣದಲ್ಲಿ ಯಾವುದು ಸಹಜ, ಯಾವುದು ಅನುಮಾನ ಹುಟ್ಟಿಸುವಂಥದ್ದು ಎಂದು ನೋಡುವವರು. ಈ ಕೆಲಸಕ್ಕೆ ಸೇರಿದವರಿಗೆ ತರಬೇತಿಯ ಮೊದಲ ದಿನಗಳಲ್ಲೇ ಒಂದು ಪದವನ್ನು ತಲೆಗೆ ತುಂಬುತ್ತಾರೆ: ಟಿಪ್ಪಿಂಗ್ ಆಫ್. ಮಾಡಲೇಬಾರದ ಕೆಲಸಗಳ ಪಟ್ಟಿಯಲ್ಲಿ ಅದಕ್ಕೆ ಅಗ್ರಸ್ಥಾನ.

ಪೊಲೀಸ್ ಸುದ್ದಿಯಲ್ಲಿ ಅದು ಮೆಚ್ಚುಗೆಯ ಪದ, ನಮ್ಮ ಮೇಜಿನ ಮೇಲೆ ಅದೇ ತಪ್ಪಿನ ಪದ. ಈ ಗೊಂದಲ ನನ್ನನ್ನು ಬಹಳ ದಿನ ಕಾಡಿತು. ನಿಘಂಟುಗಳನ್ನು ತಿರುವಿ ಹಾಕಿದಾಗ ಅರ್ಥವಾದದ್ದು ಇಷ್ಟು. ಇಂಗ್ಲಿಷಿನಲ್ಲಿ ‘ಟಿಪ್ ಆಫ್’ ಎಂದರೆ ಗುಟ್ಟಾಗಿ ಮುನ್ಸೂಚನೆ ಕೊಡುವುದು. ಕಳ್ಳ ಎಲ್ಲಿದ್ದಾನೆ ಎಂದು ಪೊಲೀಸರಿಗೆ ಹೇಳಿದರೂ ಟಿಪ್ ಆಫ್, ಪೊಲೀಸರು ಬರುತ್ತಿದ್ದಾರೆ ಎಂದು ಕಳ್ಳನಿಗೆ ಹೇಳಿದರೂ ಟಿಪ್ ಆಫ್. ಮಾತು ಯಾವ ಕಿವಿಗೆ ಬಿತ್ತು ಎಂಬುದನ್ನು ಆ ಪದ ಹೇಳುವುದೇ ಇಲ್ಲ.

ಪದದ ಹುಟ್ಟು ಇನ್ನೂ ಸ್ವಾರಸ್ಯಕರ. ಅದು ಹುಟ್ಟಿದ್ದು ಕಳ್ಳರ ಬಾಯಲ್ಲಿ! 17ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕಳ್ಳರು, ಕಿಸೆಗಳ್ಳರು, ಅಲೆಮಾರಿಗಳು ತಮ್ಮೊಳಗೆ ಆಡಿಕೊಳ್ಳುತ್ತಿದ್ದ ಗುಪ್ತ ನುಡಿಯಲ್ಲಿ ‘ಟಿಪ್’ ಎಂದರೆ ‘ಕೊಡು’, ‘ದಾಟಿಸು’ ಎಂದಷ್ಟೇ ಅರ್ಥ. ಕದ್ದ ನಾಣ್ಯವನ್ನು ಪಕ್ಕದವನ ಕೈಗೆ ದಾಟಿಸುವುದೂ ಟಿಪ್. ಲಘುವಾಗಿ ತಟ್ಟು ಎಂಬ ಅರ್ಥದ ಹಳೆಯ ಪದದಿಂದ ಅದು ಬಂದಿರಬಹುದು ಎನ್ನುತ್ತಾರೆ ವಿದ್ವಾಂಸರು. ಅದೇ ಶತಮಾನದಲ್ಲಿ ‘ಟಿಪ್ ದ ವಿಂಕ್’ ಎಂಬ ನುಡಿಗಟ್ಟೂ ಬಂತು. ಅಂದರೆ ಕಣ್ಸನ್ನೆ ದಾಟಿಸುವುದು. ಬಾಯಿ ಬಿಡದೆ ಕಣ್ಣು ಮಿಟುಕಿಸಿ ಎಚ್ಚರಿಸುವುದು.

18ನೇ ಶತಮಾನದಲ್ಲಿ ಈ ಪದ ಕಳ್ಳರ ಓಣಿಯಿಂದ ಹೊರಬಂದು ಹೋಟೆಲು, ಛತ್ರಗಳನ್ನು ಸೇರಿತು. ಸೇವೆ ಮಾಡಿದವನ ಕೈಗೆ ದಾಟಿಸುವ ಪುಡಿಗಾಸು ‘ಟಿಪ್’ ಆಯಿತು. ‘ಟು ಇನ್ಶೂರ್ ಪ್ರಾಂಪ್ಟ್‌ನೆಸ್’ ಎಂಬುದರ ಮೊದಲಕ್ಷರಗಳಿಂದ ಟಿಪ್ ಬಂತು ಎಂಬ ಕಥೆಯನ್ನು ನೀವೂ ವಾಟ್ಸ್‌ಆ್ಯಪ್‌ನಲ್ಲಿ ಓದಿರಬಹುದು. ಅದು ಆಮೇಲೆ ಯಾರೋ ಹೆಣೆದದ್ದು. ಹೀಗೆ ಮೊದಲಕ್ಷರ ಜೋಡಿಸಿ ಪದ ಕಟ್ಟುವ ಚಟ ಜನಪ್ರಿಯವಾದದ್ದು 20ನೇ ಶತಮಾನದಲ್ಲಿ. ಟಿಪ್ ಅದಕ್ಕಿಂತ ಮುನ್ನೂರು ವರ್ಷ ಹಳೆಯದು.

19ನೇ ಶತಮಾನದಲ್ಲಿ ಪದ ಕುದುರೆ ರೇಸಿನ ಮೈದಾನಕ್ಕೆ ಬಂತು. ಯಾವ ಕುದುರೆ ಗೆಲ್ಲುತ್ತದೆ ಎಂಬ ಒಳಮಾಹಿತಿಯನ್ನು ಕೈಯಿಂದ ಕೈಗೆ ಅಲ್ಲ, ಬಾಯಿಂದ ಕಿವಿಗೆ ದಾಟಿಸುತ್ತಿದ್ದರು. ಅದೂ ಟಿಪ್ಪೇ. ಇಲ್ಲಿನ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಾಗಲಿ, ಬೆಂಗಳೂರಿನ ರೇಸ್‌ಕೋರ್ಸಿನಲ್ಲಾಗಲಿ ‘ಟಿಪ್ಸ್’ ಎಂಬ ಮಾತು ಕೇಳದವರಿಲ್ಲ. ಅಲ್ಲಿಂದ ಅದು ಷೇರುಪೇಟೆಗೆ ಹಾರಿತು. 1890ರ ದಶಕದ ಹೊತ್ತಿಗೆ ‘ಆಫ್’ ಸೇರಿಕೊಂಡು, ಗುಟ್ಟಾಗಿ ಎಚ್ಚರಿಸು ಎಂಬ ಅರ್ಥ ಗಟ್ಟಿಯಾಯಿತು. ಅಂದ ಹಾಗೆ, ಮರಳು ಸುರಿಯುವ ‘ಟಿಪ್ಪರ್’ ಲಾರಿಗೂ ಇದಕ್ಕೂ ನೆಂಟಸ್ತನವಿಲ್ಲ. ಅದು ‘ವಾಲಿಸು’ ಎಂಬ ಅರ್ಥದ ಬೇರೆಯೇ ಪದ.

ಒಟ್ಟಿನಲ್ಲಿ ಹೋಟೆಲಿನ ಹುಡುಗನಿಗೆ ಕೊಡುವ ಹತ್ತು ರೂಪಾಯಿ, ಷೇರು ದಲ್ಲಾಳಿ ಪಿಸುಗುಡುವ ಕಂಪನಿ ಹೆಸರು, ಪೊಲೀಸರಿಗೆ ಬರುವ ಅನಾಮಿಕ ಕರೆ, ಈ ಮೂರೂ ಒಂದೇ ಬಳ್ಳಿಯ ಕಾಯಿಗಳು. ಮೂರರಲ್ಲೂ ಇರುವುದು ‘ದಾಟಿಸುವುದು’, ಅದೂ ಹೆಚ್ಚು ಸದ್ದು ಮಾಡದೆ.

ನಮ್ಮ ಕನ್ನಡ ಈ ವಿಷಯದಲ್ಲಿ ಹೆಚ್ಚು ಜಾಣತನ ತೋರಿಸಿದೆ. ಯಾವ ಕಿವಿ ಎಂಬುದರ ಮೇಲೆ ನಮ್ಮ ಪದ ಬದಲಾಗುತ್ತದೆ. ಪೊಲೀಸರಿಗೆ ಹೇಳಿದರೆ ‘ಸುಳಿವು ಕೊಟ್ಟ’. ಆಪ್ತನಿಗೆ ಮೊದಲೇ ಹೇಳಿದರೆ ‘ಕಿವಿಯಲ್ಲಿ ಹಾಕಿದ’. ಕೆಟ್ಟ ಉದ್ದೇಶದಿಂದ ಹೇಳಿದರೆ ‘ಕಿವಿ ಊದಿದ’, ‘ಕಿವಿ ಕಚ್ಚಿದ’. ಮಾತಿಗಿಂತ ಮುಂಚೆ ಮನಸ್ಸನ್ನು ಅಳೆಯುವ ಪದಗಳು ಇವು.

ಇನ್ನೊಂದು ಪದವಿದೆ. ನಮ್ಮ ಪೊಲೀಸ್ ಠಾಣೆಗಳ ಕಾಗದಪತ್ರ ನೋಡಿದವರಿಗೆ ಅದು ಗೊತ್ತು: ‘ಖಚಿತ ಬಾತ್ಮಿ ಬಂದ ಮೇರೆಗೆ’. ಬಾತ್ಮಿ ತಂದವನು ‘ಬಾತ್ಮೀದಾರ’. ಮುಂಬೈಗೆ ಬಂದ ಹೊಸದರಲ್ಲಿ, ಟಿ.ವಿ. ಹಾಕಿದರೆ ಮರಾಠಿ ನಿರೂಪಕಿ ದಿನವೂ ಸಂಜೆ ‘ಬಾತಮ್ಯಾ’ ಎನ್ನುವುದು ಕೇಳಿ ನನಗೆ ನಗು ಬರುತ್ತಿತ್ತು. ಊರಿನ ಕಿವಿಗೆ ಅದು ‘ಈಗ ಪೊಲೀಸ್ ಸುಳಿವುಗಳು’ ಎಂದು ಕೇಳಿಸುತ್ತಿತ್ತು. ಮರಾಠಿಯಲ್ಲಿ ‘ಬಾತಮಿ’ ಎಂದರೆ ಸುದ್ದಿ, ‘ಬಾತಮೀದಾರ್’ ಎಂದರೆ ಪತ್ರಿಕಾ ವರದಿಗಾರ. ಅದೇ ಪದ ಗಡಿ ದಾಟಿ ಕನ್ನಡದ ಠಾಣೆಗೆ ಬಂದು ಗುಟ್ಟಿನ ಮಾಹಿತಿದಾರನಾಗಿದೆ. ಊರಿಗೆಲ್ಲ ಹೇಳುವವನು ಅಲ್ಲಿ, ಒಬ್ಬರ ಕಿವಿಗೆ ಮಾತ್ರ ಹೇಳುವವನು ಇಲ್ಲಿ. ಇಲ್ಲಿನ ಪೊಲೀಸರಂತೂ ಅಂಥವನನ್ನು ‘ಖಬರಿ’ ಎನ್ನುತ್ತಾರೆ. ಖಬರ್ ಎಂದರೂ ಸುದ್ದಿಯೇ ತಾನೇ?

ಈ ಖಬರಿಗಳಿಗೆ, ಬಾತ್ಮೀದಾರರಿಗೆ ಕಾನೂನಿನ ನೆರಳಿದೆ. ಅಪರಾಧದ ಮಾಹಿತಿ ಎಲ್ಲಿಂದ ಬಂತು ಎಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಬಲವಂತ ಮಾಡುವ ಹಾಗಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 125ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ರಕ್ಷಣೆ ಉಳಿದಿದೆ. ಇನಾಮೂ ಉಂಟು. ಕಳ್ಳಸಾಗಣೆಯ ಮಾಲು ಹಿಡಿಸಿಕೊಟ್ಟವರಿಗೆ, ಅದನ್ನು ಮಾರಿ ಬಂದ ನಿವ್ವಳ ಹಣದಲ್ಲಿ ಶೇ 20ರವರೆಗೆ ಬಹುಮಾನ ಕೊಡಲು ಕಸ್ಟಮ್ಸ್ ಇಲಾಖೆಯ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಪುಡಿಗಾಸಿನ ಟಿಪ್ ಮತ್ತು ಮಾಹಿತಿಯ ಟಿಪ್ ಅಲ್ಲಿ ಮತ್ತೆ ಒಂದಾಗುತ್ತವೆ.

ಆದರೆ ಈ ನೆರಳು ಎಲ್ಲರಿಗೂ ಸಿಕ್ಕಿಲ್ಲ. ಸತ್ಯೇಂದ್ರ ದುಬೆ ಎಂಬ ಎಂಜಿನಿಯರ್ ಹೆಸರು ನಿಮಗೆ ನೆನಪಿರಬಹುದು. ಬಿಹಾರದಲ್ಲಿ ಸುವರ್ಣ ಚತುಷ್ಪಥ ಹೆದ್ದಾರಿ ಕಾಮಗಾರಿಯ ಅಕ್ರಮಗಳ ಬಗ್ಗೆ 2002ರಲ್ಲಿ ಪ್ರಧಾನಿ ಕಚೇರಿಗೆ ಪತ್ರ ಬರೆದ ಅವರು, ತನ್ನ ಹೆಸರು ಗುಟ್ಟಾಗಿರಲಿ ಎಂದು ಕೋರಿದ್ದರು. ಪತ್ರ ಕಚೇರಿಯಿಂದ ಕಚೇರಿಗೆ ಹೋಯಿತು, ಜೊತೆಗೆ ಹೆಸರೂ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಅದು ದರೋಡೆಗಾಗಿ ನಡೆದ ಕೊಲೆ ಎಂದು ತನಿಖೆ ಹೇಳಿತು. ಕಾರಣ ಏನೇ ಇರಲಿ, ಗುಟ್ಟು ಕಾಪಾಡಿ ಎಂಬ ಅವರ ಒಂದು ಕೋರಿಕೆ ಈಡೇರಲಿಲ್ಲ ಎಂಬುದು ಮಾತ್ರ ಸತ್ಯ. ಭ್ರಷ್ಟಾಚಾರದ ಮಾಹಿತಿ ಕೊಡುವವರ ಹೆಸರನ್ನು ಕಾಪಾಡುವ ಕೇಂದ್ರ ಸರ್ಕಾರದ ನಿರ್ಣಯ ಬಂದದ್ದು ಅದಾದ ಮೇಲೆ, 2004ರಲ್ಲಿ.

ಈಗ ನಮ್ಮ ಬ್ಯಾಂಕಿನ ವಿಷಯಕ್ಕೆ ಬರುತ್ತೇನೆ. 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ 2005ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರತಿಯೊಂದು ಬ್ಯಾಂಕೂ ಅನುಮಾನಾಸ್ಪದ ವಹಿವಾಟು ಕಂಡರೆ ದೆಹಲಿಯಲ್ಲಿರುವ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಕಳಿಸಬೇಕು. ಅದನ್ನು ನಾವು ‘ಎಸ್‌ಟಿಆರ್’ ಎನ್ನುತ್ತೇವೆ. ತಿಂಗಳಿಗೆ ಇಪ್ಪತ್ತು ಸಾವಿರ ಸಂಬಳ ಎಂದು ಬರೆದುಕೊಟ್ಟವರ ಖಾತೆಗೆ ಒಂದೇ ದಿನ ಹತ್ತಾರು ಊರುಗಳಿಂದ ಹಣ ಬಂದು, ಸಂಜೆಯೊಳಗೆ ಖಾಲಿಯಾದರೆ ಅನುಮಾನ ಬರದೇ ಇರುತ್ತದೆಯೇ? ಹೀಗೆ ನೋಡಿದರೆ ನಾವೂ ಒಂದು ರೀತಿಯ ಬಾತ್ಮೀದಾರರೇ. ಇನಾಮಿಲ್ಲ ಅಷ್ಟೆ.

ಆದರೆ ವರದಿ ಹೋದ ವಿಷಯವನ್ನು ಆ ಖಾತೆದಾರರಿಗೆ ತಿಳಿಸುವಂತಿಲ್ಲ. ತಿಳಿಸಿದರೆ ಅದು ಟಿಪ್ಪಿಂಗ್ ಆಫ್. ಮ್ಯಾನೇಜರ್‌ನಿಂದ ಹಿಡಿದು ಗುಮಾಸ್ತನವರೆಗೆ ಎಲ್ಲರಿಗೂ ಈ ನಿರ್ಬಂಧ. ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ದೇಶಗಳಿಗೆ ಹಾಕಿಕೊಟ್ಟ 40 ಶಿಫಾರಸುಗಳಲ್ಲಿ 21ನೆಯದು ಇದಕ್ಕೇ ಮೀಸಲು. ಭಾರತ 2010ರಿಂದ ಅದರ ಸದಸ್ಯ. ಬ್ರಿಟನ್ನಿನಲ್ಲಂತೂ 2002ರ ಕಾಯ್ದೆಯೊಂದರಲ್ಲಿ ‘ಟಿಪ್ಪಿಂಗ್ ಆಫ್’ ಎಂಬ ಹೆಸರಿನಲ್ಲೇ ಅಪರಾಧವಿದೆ, ಎರಡು ವರ್ಷದವರೆಗೆ ಜೈಲು. ಕಳ್ಳರ ಓಣಿಯಲ್ಲಿ ಹುಟ್ಟಿದ ಪದ ನಾನ್ನೂರು ವರ್ಷ ನಡೆದು ಕಾನೂನು ಪುಸ್ತಕ ಸೇರಿದ್ದು ಹೀಗೆ.

ನಿಯಮ ಎಷ್ಟು ಸೂಕ್ಷ್ಮವೆಂದರೆ, ಮಾತಾಡದೆಯೂ ಟಿಪ್ ಆಫ್ ಆಗಬಹುದು. ಗ್ರಾಹಕರ ಮೇಲೆ ಅನುಮಾನ ಬಂದಾಗ ಹೊಸದಾಗಿ ದಾಖಲೆ ಕೇಳಿದರೆ ಅವರಿಗೆ ಸುಳಿವು ಸಿಗುತ್ತದೆ ಎಂದು ಬ್ಯಾಂಕಿಗೆ ಅನಿಸಿದರೆ, ದಾಖಲೆ ಕೇಳುವುದನ್ನೇ ಬಿಟ್ಟು ನೇರವಾಗಿ ವರದಿ ಕಳಿಸಿ ಎನ್ನುತ್ತದೆ ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನ. ಒಂದು ಪ್ರಶ್ನೆಯೂ ಕಣ್ಸನ್ನೆಯಾಗಬಹುದು. ಹಾಗಾಗಿ ನಾನು ನೋಡಿದ ಯಾವ ಪ್ರಕರಣವನ್ನೂ, ಹೆಸರು ಮರೆಸಿ ಕೂಡ, ಇಲ್ಲಿ ಬರೆಯುತ್ತಿಲ್ಲ.

ಇದೆಲ್ಲ ಕಾಗದದ ಮೇಲೆ ಸುಲಭ. ಪರಊರಿನಲ್ಲಿ ಇರುವವರಿಗೆ ಗೊತ್ತು, ಇಲ್ಲಿ ‘ನಮ್ಮವರು’ ಎಂಬ ಪದಕ್ಕೆ ಎಷ್ಟು ತೂಕ ಎಂದು. ಮಾಟುಂಗದಲ್ಲಿ ಯಕ್ಷಗಾನಕ್ಕೆ ಹೋದರೂ ಸರಿ, ಡೊಂಬಿವಲಿಯಲ್ಲಿ ರಾಜ್ಯೋತ್ಸವಕ್ಕೆ ಹೋದರೂ ಸರಿ, ‘ನೀವು ಬ್ಯಾಂಕಿನವರಲ್ವಾ, ಸ್ವಲ್ಪ ನಮ್ಮ ಖಾತೆ ನೋಡಿ ಹೇಳಿ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ರೈಲಿನಲ್ಲಿ ಸೀಟು ಹಿಡಿದುಕೊಟ್ಟವರು, ಮನೆ ಬಾಡಿಗೆಗೆ ಹುಡುಕಿಕೊಟ್ಟವರು, ಮಗುವಿಗೆ ಜ್ವರ ಬಂದಾಗ ನಡುರಾತ್ರಿ ರಿಕ್ಷಾ ತಂದವರು ಅವರೇ. ಅಂಥವರಿಗೆ ‘ನೀವು ಶಾಖೆಯಲ್ಲೇ ವಿಚಾರಿಸಿ’ ಎಂದು ಹೇಳುವಾಗ ನಾಲಗೆ ಒಣಗುತ್ತದೆ. ಖಾತೆಯಲ್ಲಿ ಏನೂ ತೊಂದರೆ ಇಲ್ಲದವರಿಗೂ ನಾನು ಅದೇ ಮಾತು ಹೇಳಬೇಕು. ಇಲ್ಲದಿದ್ದರೆ ನನ್ನ ಮೌನವೇ ಸುಳಿವಾಗುತ್ತದೆ.

ಕಳೆದ ವರ್ಷ ಊರಿನಿಂದ ಪರಿಚಯದ ಹಿರಿಯರೊಬ್ಬರು ಫೋನ್ ಮಾಡಿದರು. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಅವರ ಮಗನ ಖಾತೆ ಸ್ಥಗಿತವಾಗಿತ್ತು. ಅದು ನಾನು ಕೆಲಸ ಮಾಡುವ ಬ್ಯಾಂಕ್ ಅಲ್ಲ. ಹುಡುಗ ಗೆಳೆಯನ ಗೆಳೆಯನೊಬ್ಬನಿಗೆ ತನ್ನ ಖಾತೆ, ಎಟಿಎಂ ಕಾರ್ಡು ಮತ್ತು ಸಿಮ್ ಕೊಟ್ಟಿದ್ದನಂತೆ. ತಿಂಗಳಿಗೆ ಎಂಟು ಸಾವಿರ ಬಾಡಿಗೆ. ಆ ಖಾತೆಗೆ ಬಂದ ಹಣ ಇನ್ನೊಂದು ರಾಜ್ಯದಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ವೃದ್ಧರೊಬ್ಬರಿಂದ ಕಿತ್ತದ್ದು. ಪೊಲೀಸರು ಮನೆ ಬಾಗಿಲಿಗೆ ಬಂದ ಮೇಲೆ ತಂದೆಗೆ ವಿಷಯ ತಿಳಿದಿತ್ತು. ಅವರು ನನ್ನನ್ನು ಸಹಾಯ ಕೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ‘ಬ್ಯಾಂಕಿನವರಿಗೆ ಮೊದಲೇ ಡೌಟ್ ಬಂದಿರ್ತದಲ್ಲ, ನಮಗೊಂದು ಮಾತು ಹೇಳಿದ್ರ ಏನ್ ಗಂಟು ಹೋಗ್ತಿತ್ತು?’

ಆ ಪ್ರಶ್ನೆಗೆ ಉತ್ತರವಿದೆ, ಆದರೆ ಅಳುತ್ತಿರುವ ತಂದೆಗೆ ಅದನ್ನು ಹೇಳುವುದು ಕಷ್ಟ. ಆ ಒಂದು ಮಾತು ಮನೆಗೆ ಬಂದಿದ್ದರೆ ಹುಡುಗನಿಗೆ ಗೊತ್ತಾಗುತ್ತಿತ್ತು. ಹುಡುಗನಿಂದ ಬಾಡಿಗೆ ಕೊಟ್ಟವನಿಗೆ. ಅವನಿಂದ ಮೇಲಿನವನಿಗೆ. ಇಂಥ ಜಾಲದಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯಲು ಕೆಲವೇ ನಿಮಿಷ ಸಾಕು. ಇತ್ತ ಒಬ್ಬ ತಂದೆಗೆ ಸಿಗುವ ಎಚ್ಚರಿಕೆಗೆ ಅತ್ತ ಇನ್ನೊಬ್ಬ ತಂದೆಯ ಪಿಂಚಣಿ ಹಣ ಬೆಲೆಯಾಗುತ್ತಿತ್ತು. ನಾನು ಅಷ್ಟು ಹೊತ್ತು ಕೇಳಿಸಿಕೊಂಡು, ವಕೀಲರನ್ನು ನೋಡಿ, ಮಗ ತನಿಖೆಗೆ ಸಹಕರಿಸಲಿ, ಏನನ್ನೂ ಮುಚ್ಚಿಡುವುದು ಬೇಡ ಎಂದೆ. ಅವರು ‘ಆತು’ ಎಂದು ಫೋನ್ ಇಟ್ಟರು.

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ವಿದುರ. ನಮ್ಮ ನೆಲದ ಅತಿ ಪ್ರಸಿದ್ಧ ‘ಟಿಪ್ ಆಫ್’ ಕೊಟ್ಟವನು ಅವನೇ. ಪಾಂಡವರು ವಾರಣಾವತಕ್ಕೆ ಹೊರಟಾಗ, ಅಲ್ಲಿ ಪುರೋಚನ ಅರಗಿನ ಮನೆ ಕಟ್ಟಿ ಬೆಂಕಿ ಇಡುವ ಸಂಚಿದೆ ಎಂದು ಅವನು ಧರ್ಮರಾಯನಿಗೆ ಎಲ್ಲರ ಎದುರೇ ಹೇಳಿದ. ಆದರೆ ಬೇರೆಯವರಿಗೆ ತಿಳಿಯದ ಒಗಟಿನ ಮಾತಿನಲ್ಲಿ. ಪಕ್ಕದಲ್ಲೇ ಇದ್ದ ಕುಂತಿಗೂ ಅರ್ಥವಾಗದೆ, ಆಮೇಲೆ ಮಗನನ್ನು ಕೇಳಿ ತಿಳಿದುಕೊಂಡಳು. ನಂತರ ವಿದುರ ಸುರಂಗ ತೋಡುವವನೊಬ್ಬನನ್ನೂ ಗುಟ್ಟಾಗಿ ಕಳಿಸಿದ. ಪಾಂಡವರು ಬದುಕಿದರು.

ವಿದುರ ಹಸ್ತಿನಾಪುರದ ಮಂತ್ರಿ. ಅರಮನೆಯ ಒಳಗುಟ್ಟನ್ನು ಹೊರಗೆ ಬಿಟ್ಟ. ಆದರೂ ಅವನನ್ನು ಯಾರೂ ದೂರುವುದಿಲ್ಲ. ಯಾಕೆಂದರೆ ಅವನ ಮಾತು ಸುಡುವವನ ಕಿವಿಗೆ ಬೀಳಲಿಲ್ಲ, ಸುಡಲ್ಪಡುವವರ ಕಿವಿಗೆ ಬಿತ್ತು. ಇದೇ ಗೆರೆ. ಅಪಾಯಕ್ಕೆ ಸಿಕ್ಕವನಿಗೆ ಹೇಳಿದರೆ ಧರ್ಮ, ಅಪಾಯ ಒಡ್ಡುವವನಿಗೆ ಹೇಳಿದರೆ ದ್ರೋಹ. ಕಷ್ಟವೆಂದರೆ, ನಮ್ಮ ಕಂಪ್ಯೂಟರ್ ಪರದೆಯ ಮೇಲೆ ಇಬ್ಬರೂ ಬರೀ ಖಾತೆ ಸಂಖ್ಯೆಗಳು. ಬಾಡಿಗೆ ಆಸೆಗೆ ಬಿದ್ದ ಹುಡುಗನೂ, ಜಾಲದ ಯಜಮಾನನೂ ಮೊದಲ ನೋಟಕ್ಕೆ ಒಂದೇ ತರಹ ಕಾಣುತ್ತಾರೆ. ಯಾರು ಯಾರೆಂದು ನಿರ್ಧರಿಸುವ ಅಧಿಕಾರ ಬ್ಯಾಂಕಿನ ಗುಮಾಸ್ತನಿಗೆ ಬೇಡ ಎಂದೇ ಕಾನೂನು ಅವನ ಬಾಯಿ ಕಟ್ಟಿದೆ.

ಆ ಕಥೆಯಲ್ಲಿ ಇನ್ನೊಂದು ಭಾಗವಿದೆ, ನಾವು ಬೇಗ ದಾಟಿಹೋಗುವ ಭಾಗ. ಆ ರಾತ್ರಿ ಅರಗಿನ ಮನೆಯಲ್ಲಿ ಊಟಕ್ಕೆ ಬಂದು ಮಲಗಿದ್ದ ಬೇಡರ ಹೆಂಗಸೊಬ್ಬಳು ಮತ್ತು ಅವಳ ಐವರು ಮಕ್ಕಳು ಸುಟ್ಟುಹೋದರು. ಬೆಳಗ್ಗೆ ಆ ಆರು ಶವಗಳನ್ನೇ ಜನ ಪಾಂಡವರದ್ದೆಂದು ನಂಬಿದರು. ವಿದುರನ ಒಗಟು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಗುಟ್ಟಿನ ಎಚ್ಚರಿಕೆಯ ಗುಣವೇ ಅದು. ಅದು ಬೇಕಾದವರನ್ನು ಉಳಿಸುತ್ತದೆ, ಯಾರ ಪರಿಚಯವೂ ಇಲ್ಲದವರನ್ನು ಒಳಗೇ ಬಿಡುತ್ತದೆ. ಷೇರುಪೇಟೆಯ ಟಿಪ್ ಕೂಡ ಹಾಗೆಯೇ. ಒಳಮಾಹಿತಿ ಸಿಕ್ಕವನು ಮೊದಲೇ ಮಾರಿ ಹೊರಬರುತ್ತಾನೆ, ಗೊತ್ತಿಲ್ಲದೆ ಕೊಂಡ ಸಣ್ಣ ಹೂಡಿಕೆದಾರ ಸಿಕ್ಕಿಬೀಳುತ್ತಾನೆ. ಪ್ರಕಟವಾಗದ ಬೆಲೆಸೂಕ್ಷ್ಮ ಮಾಹಿತಿಯನ್ನು ಕಾರಣವಿಲ್ಲದೆ ಇನ್ನೊಬ್ಬರಿಗೆ ದಾಟಿಸುವುದನ್ನೇ ಸೆಬಿಯ 2015ರ ನಿಯಮಾವಳಿ ನಿಷೇಧಿಸಿರುವುದು ಇದಕ್ಕಾಗಿ.

ಹಾಗಾದರೆ ನಮ್ಮಂಥವರು ‘ನಮ್ಮವರಿಗೆ’ ಏನೂ ಹೇಳುವಂತಿಲ್ಲವೇ? ಹೇಳಬಹುದು. ಒಬ್ಬರ ಕಿವಿಯಲ್ಲಿ ಅಲ್ಲ, ಎಲ್ಲರ ಎದುರು. ಮರಾಠಿ ಅರ್ಥದ ಬಾತಮೀದಾರನಾಗಿ ಹೇಳಬಹುದು. ಆ ಫೋನ್ ಕರೆಯ ನಂತರ ನಾನು ಕನ್ನಡ ಸಂಘದ ಸಭೆಗಳಲ್ಲಿ, ಊರಿಗೆ ಹೋದಾಗ ಕಾಲೇಜು ಹುಡುಗರ ನಡುವೆ, ಐದು ನಿಮಿಷ ಕೇಳಿ ಪಡೆದು ಇದನ್ನೇ ಹೇಳುತ್ತೇನೆ. ಈಗ ನಿಮಗೂ ಹೇಳುತ್ತಿದ್ದೇನೆ.

ನಿಮ್ಮ ಖಾತೆ, ಎಟಿಎಂ ಕಾರ್ಡು, ಸಿಮ್, ಯುಪಿಐ ಯಾವುದನ್ನೂ ಬಾಡಿಗೆಗೆ ಕೊಡಬೇಡಿ, ಸ್ನೇಹಕ್ಕೂ ಕೊಡಬೇಡಿ. ‘ನಿಮ್ಮ ಖಾತೆಗೆ ಹಣ ಬರುತ್ತದೆ, ಶೇಕಡಾ ಇಷ್ಟು ಇಟ್ಟುಕೊಂಡು ಉಳಿದದ್ದು ಕಳಿಸಿ’ ಎನ್ನುವ ಮನೆಯಲ್ಲೇ ಮಾಡುವ ಕೆಲಸ ಕೆಲಸವಲ್ಲ. ಫೋನಿನಲ್ಲಿ ಬಂಧಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಕಳೆದುಕೊಂಡರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಬಂದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಓದಲು ಊರು ಬಿಟ್ಟಿರುವ ಮಕ್ಕಳಿಗೆ ಹಣದ ಅಡಚಣೆ ಇದೆಯೇ ಎಂದು ನೀವೇ ಕೇಳಿ. ಬಾಡಿಗೆಯ ಆಸೆ ತೋರಿಸುವವನು ಅದನ್ನು ನಿಮಗಿಂತ ಮೊದಲು ಕೇಳಿರುತ್ತಾನೆ.

ಇದರಲ್ಲಿ ಗುಟ್ಟು ಏನೂ ಇಲ್ಲ. ಇದನ್ನು ಯಾರಿಗೆ ಬೇಕಾದರೂ ದಾಟಿಸಿ.